ಎಲುಬು ಕೂಡಿದ ಮೇಲೆ ಉಳಿಯುವ ಚಿಕಿತ್ಸೆ

ಪ್ಲಾಸ್ಟರ್ ಬಿಚ್ಚಿದ ದಿನ ಮನೆಯಲ್ಲಿ ಒಂದು ಬಗೆಯ ಹಬ್ಬದ ವಾತಾವರಣವಿರುತ್ತದೆ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ‘ಎಲುಬು ಕೂಡಿದೆ’ ಎಂದು ಹೇಳಿದ ಮೇಲೆ ಹರಕೆ ಹೊತ್ತವರು ಅದನ್ನು ತೀರಿಸುವ ಸಿದ್ಧತೆ ನಡೆಸುತ್ತಾರೆ. ಆರೈಕೆಗೆಂದು ಬಂದಿದ್ದ ನೆಂಟರು ತಮ್ಮ ತಮ್ಮ ಊರುಗಳಿಗೆ ಮರಳುತ್ತಾರೆ. ಮರುದಿನ ಪ್ರಾತಃಕಾಲದಲ್ಲಿ ಸ್ನಾನ ಮುಗಿಸಿ, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆಗೆಂದು ಮಣೆಯ ಮೇಲೆ ಕುಳಿತುಕೊಳ್ಳಲು ಹೋದಾಗಲೇ ನಿಜಸ್ಥಿತಿ ತಿಳಿಯುವುದು. ಎಲುಬು ಕೂಡಿದೆ, ಕಾಲು ಮಾತ್ರ ಮಡಿಯುವುದಿಲ್ಲ.

ಅನೇಕ ಕುಟುಂಬಗಳಲ್ಲಿ ಚಿಕಿತ್ಸೆ ಇಲ್ಲಿಗೇ ನಿಂತುಹೋಗುವುದನ್ನು ನಾವು ಕಂಡಿದ್ದೇವೆ. ‘ವಯಸ್ಸಾಯಿತು, ಇನ್ನು ಇಷ್ಟೇ’ ಎಂದು ಹಿರಿಯರು ಕೈಚೆಲ್ಲುತ್ತಾರೆ. ಇಲ್ಲವೆ ಯಾರೋ ಹೇಳಿದರೆಂದು ಎಣ್ಣೆ ಹಚ್ಚಿ ತಿಕ್ಕುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಇವೆರಡೂ ಸರಿಯಾದ ದಾರಿಗಳಲ್ಲವೆಂದು ನಾವು ಹೇಳುವುದು ಗ್ರಂಥಗಳನ್ನು ಓದಿಯಷ್ಟೇ ಅಲ್ಲ. ಎರಡನ್ನೂ ಸ್ವತಃ ತುಳಿದು ಬಂದವರು ನಾವು.

2022ರ ಶ್ರಾವಣ ಮಾಸದಲ್ಲಿ ಮಳೆಯಿಂದ ತೊಯ್ದಿದ್ದ ಕಲ್ಲುಮೆಟ್ಟಿಲ ಮೇಲೆ ನಾವು ಜಾರಿ ಬಿದ್ದು ಬಲಗಾಲಿನ ಮಂಡಿಚಿಪ್ಪು ಸೀಳಿತು. ತುಣುಕುಗಳು ಬೇರೆಬೇರೆಯಾಗಿರಲಿಲ್ಲವಾದುದರಿಂದ ವೈದ್ಯರು ಶಸ್ತ್ರಚಿಕಿತ್ಸೆ ಬೇಡವೆಂದು ತೊಡೆಯಿಂದ ಹರಡಿನವರೆಗೆ ಕೊಳವೆಯಂತೆ ಪ್ಲಾಸ್ಟರ್ ಹಾಕಿದರು. ಐದು ವಾರಗಳ ನಂತರ ಅದನ್ನು ತೆಗೆದಾಗ ನಮ್ಮ ಮಂಡಿ ಮಡಿಯುತ್ತಿದ್ದುದು 40 ಡಿಗ್ರಿ ಮಾತ್ರ.

ಈ ಡಿಗ್ರಿಯ ಲೆಕ್ಕವನ್ನು ಓದುಗರು ತಿಳಿದಿರುವುದು ಒಳ್ಳೆಯದು. ಕಾಲನ್ನು ನೇರವಾಗಿ ಚಾಚಿದರೆ ಅದು ಸೊನ್ನೆ. ಕುರ್ಚಿಯಲ್ಲಿ ಕುಳಿತು ಪಾದವನ್ನು ಮಂಡಿಯ ನೇರ ಕೆಳಗೆ ಊರಿದರೆ ಅದು 90. ಆರೋಗ್ಯವಂತ ಮಂಡಿ ಸುಮಾರು 135ರಿಂದ 140 ಡಿಗ್ರಿಯವರೆಗೆ ಮಡಿಯುತ್ತದೆ. ಸಮನೆಲದಲ್ಲಿ ನಡೆಯಲು 60–65 ಡಿಗ್ರಿ ಸಾಕಾಗುತ್ತದೆ. ಮೆಟ್ಟಿಲು ಹತ್ತಿಳಿಯಲು 90ರ ಆಸುಪಾಸು ಬೇಕು. ಕುರ್ಚಿ ಮೇಜುಗಳಲ್ಲೇ ಬದುಕುವ ನಾಡಿನವರಿಗೆ 110 ದೊರೆತರೆ ದಿನಚರಿ ಬಹುಮಟ್ಟಿಗೆ ಸಾಗುತ್ತದೆ. ನಮ್ಮ ಮನೆಗಳಿಗೆ ಅದು ಸಾಲದು. ಪೂಜೆಗೆ ಕಾಲು ಮಡಿಚಿ ಕುಳಿತುಕೊಳ್ಳುವುದು, ಮಠದ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವುದು, ತಾಯಂದಿರು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು, ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವುದು, ಇವುಗಳಿಗೆಲ್ಲ 130 ಅಥವಾ ಅದಕ್ಕೂ ಮಿಗಿಲಾದ ಮಡಿಕೆ ಬೇಕಾಗುತ್ತದೆ. ‘ನಡೆಯುತ್ತೀರಲ್ಲ, ಸಾಕಲ್ಲವೇ?’ ಎಂದು ಆಸ್ಪತ್ರೆಯಲ್ಲಿ ಯಾರಾದರೂ ಹೇಳಿದರೆ, ತಮ್ಮ ಮನೆಯ ಬದುಕು ಎಂಥದೆಂಬುದನ್ನು ಅವರಿಗೆ ಬಿಡಿಸಿ ಹೇಳುವುದು ರೋಗಿಯ ಕರ್ತವ್ಯ.

ಕೀಲು ಬಿಗಿಯುವ ಬಗೆ

ಕೀಲನ್ನು ಒಂದು ಚೀಲ ಸುತ್ತುವರಿದಿರುತ್ತದೆ. ಅದರ ಒಳಪದರ ಸ್ರವಿಸುವ ಲೋಳೆಯಂತಹ ದ್ರವವು ಎಲುಬುಗಳ ತುದಿ ಉಜ್ಜಿಕೊಳ್ಳದಂತೆ ಕಾಯುತ್ತದೆ. ಆ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿಗೆ ಆಹಾರವನ್ನೂ ಒದಗಿಸುತ್ತದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಕೀಲು ಚಲಿಸುವಾಗ ಒದ್ದೆ ಬಟ್ಟೆಯನ್ನು ಹಿಂಡಿ ಬಿಟ್ಟಂತೆ ದ್ರವವು ಹೊರಹೋಗಿ ಒಳಬರುವುದರಿಂದಲೇ ಅದು ಬದುಕುವುದು. ಚಲನೆ ನಿಂತರೆ ಚೀಲ ಕುಗ್ಗುತ್ತದೆ, ಅದರ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಾರುಗಳು ಅಡ್ಡಾದಿಡ್ಡಿಯಾಗಿ ಬೆಸೆದುಕೊಳ್ಳುತ್ತವೆ. ತೊಡೆಯ ಮುಂಭಾಗದ ಸ್ನಾಯು ಕೆಲವೇ ವಾರಗಳಲ್ಲಿ ಕರಗಿ ಸಣ್ಣದಾಗುತ್ತದೆ. ಎಲುಬಿಗೆ ಅವಶ್ಯವಾದ ವಿಶ್ರಾಂತಿಯೇ ಕೀಲಿಗೆ ಹಾನಿಯಾಗುವ ಈ ಇಕ್ಕಟ್ಟು ವೈದ್ಯಲೋಕವನ್ನು ಬಹುಕಾಲ ಕಾಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಿವರ್‌ಪೂಲ್ ನಗರದ ಹ್ಯೂ ಓವೆನ್ ಥಾಮಸ್ ದೀರ್ಘ ವಿಶ್ರಾಂತಿಯೇ ಮದ್ದೆಂದು ಸಾರಿದರು. ಇವರು ವಂಶಪಾರಂಪರ್ಯವಾಗಿ ಎಲುಬು ಕಟ್ಟುವವರ ಮನೆತನದಲ್ಲಿ ಹುಟ್ಟಿ ವೈದ್ಯಪದವಿ ಪಡೆದವರೆಂಬುದು ಗಮನಾರ್ಹ. ಅದೇ ಕಾಲದಲ್ಲಿ ಫ್ರಾನ್ಸಿನ ಲೂಕಾ-ಶಾಂಪಿಯೊನಿಯೇರ್ ಎಂಬ ಶಸ್ತ್ರವೈದ್ಯರು ಬೇಗನೆ ಚಲನೆ ಆರಂಭಿಸಬೇಕೆಂದು ವಾದಿಸಿದರು. 1970ರಿಂದ ಟೊರೊಂಟೊದಲ್ಲಿ ರಾಬರ್ಟ್ ಸಾಲ್ಟರ್ ನಡೆಸಿದ ಪ್ರಯೋಗಗಳು ಚಲಿಸುವ ಕೀಲಿನಲ್ಲಿಯೇ ಮೃದ್ವಸ್ಥಿ ಚೆನ್ನಾಗಿ ಮಾಯುವುದೆಂದು ತೋರಿಸಿದವು. ಇಂದು ವಾದ ಬಹುಪಾಲು ಚಲನೆಯ ಕಡೆಗೇ ತಿರುಗಿದೆ. ಎಷ್ಟು ಬೇಗ, ಎಷ್ಟು ಮಟ್ಟಿಗೆ ಎಂಬುದನ್ನು ಮಾತ್ರ ಮುರಿತದ ಸ್ವರೂಪ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ನಮ್ಮ ಪ್ರಾಚೀನರಿಗೂ ಈ ವಿವೇಕವಿತ್ತು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯ ಮುರಿತಗಳನ್ನು ಕುರಿತದ್ದು. ಕಟ್ಟು ಸಡಿಲವಾದರೆ ಕೀಲು ಸ್ಥಿರವಾಗದೆಂದೂ, ಬಿಗಿಯಾದರೆ ಬಾವು, ನೋವು, ಕೀವು ಉಂಟಾಗುವುವೆಂದೂ ಅಲ್ಲಿ ಹೇಳಿದೆ. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟನ್ನು ಬದಲಿಸಬೇಕೆಂಬ ಸೂಚನೆಯೂ ಇದೆ. ಗುರುಕುಲದಲ್ಲಿ ಆ ಅಧ್ಯಾಯವನ್ನು ಓದಿದಾಗ ನಾವು ಲಕ್ಷ್ಯಕೊಡದೆ ದಾಟಿಹೋಗಿದ್ದ ಒಂದು ಮಾತು, ಕಾಲು ಮುರಿದ ಮೇಲೆ ಮತ್ತೆ ಓದಿದಾಗ ಕಣ್ಣಿಗೆ ಬಿತ್ತು. ಅಂಗೈಯ ಎಲುಬು ಮುರಿದು ಕೂಡಿದವನು ಮೊದಲು ಮಣ್ಣಿನ ಉಂಡೆಯನ್ನು, ಅನಂತರ ಉಪ್ಪಿನ ಗಟ್ಟಿಯನ್ನು, ಕೈಗೆ ಬಲ ಬಂದ ಮೇಲೆ ಕಲ್ಲನ್ನು ಹಿಡಿಯುವ ಅಭ್ಯಾಸ ಮಾಡಬೇಕಂತೆ. ಅದು ಕೈಯ ವಿಚಾರ ನಿಜ. ಆದರೆ ಕೂಡಿದ ಎಲುಬಿಗೆ ಕ್ರಮಕ್ರಮವಾಗಿ ಕೆಲಸ ಕೊಡಬೇಕೆಂಬ ಆ ತತ್ತ್ವವೇ ಇಂದಿನ ಭೌತಚಿಕಿತ್ಸೆಯ ತಳಹದಿ.

ನಾವು ಮಾಡಿದ ತಪ್ಪು

ಇಷ್ಟನ್ನೆಲ್ಲ ಓದಿದ್ದರೂ ನಮ್ಮ ಬುದ್ಧಿ ಆಗ ಮಂಕಾಗಿತ್ತು. ಪ್ಲಾಸ್ಟರ್ ತೆಗೆದ ವಾರವೇ ಹಿತೈಷಿಗಳೊಬ್ಬರ ಮಾತು ಕೇಳಿ ದೂರದ ಊರೊಂದರಲ್ಲಿ ತಿಕ್ಕುವವರ ಬಳಿಗೆ ಹೋದೆವು. ಅವರು ಬಿಸಿ ಎಣ್ಣೆ ಸುರಿದು, ತೊಡೆಯ ಮೇಲೆ ತಮ್ಮ ಮಂಡಿಯೂರಿ, ನಮ್ಮ ಕಾಲನ್ನು ಒಮ್ಮೆಲೇ ಹಿಂದಕ್ಕೆ ಮಡಿಚಿದರು. ಒಳಗೆ ಏನೋ ಹರಿದ ಸದ್ದಾಯಿತು. ‘ಗಂಟು ಬಿಟ್ಟಿತು’ ಎಂದು ಅವರು ಸಂತೋಷಪಟ್ಟರು. ಸಂಜೆಯ ಹೊತ್ತಿಗೆ ಮಂಡಿ ಕುಂಬಳದಷ್ಟು ಊದಿತು. ಮೂರು ವಾರ ಹಾಸಿಗೆ ಹಿಡಿದೆವು. 40 ಇದ್ದದ್ದು 30ಕ್ಕೆ ಇಳಿಯಿತು.

ಹೀಗಾಗುವುದಕ್ಕೆ ಕಾರಣವಿದೆ. ಬಲವಂತದಿಂದ ಮಡಿಚಿದಾಗ ಕುಗ್ಗಿದ ನಾರುಗಳು ಹಿಗ್ಗುವುದಿಲ್ಲ, ಹರಿಯುತ್ತವೆ. ಹರಿದಲ್ಲಿ ರಕ್ತ ಒಸರುತ್ತದೆ. ಆ ಗಾಯ ಮಾಯುವಾಗ ಮೊದಲಿಗಿಂತ ಗಟ್ಟಿಯಾದ ಹೊಸ ನಾರು ಬೆಳೆಯುತ್ತದೆ. ಕೆಲವೊಮ್ಮೆ ಜಜ್ಜಿದ ಸ್ನಾಯುವಿನೊಳಗೆ ಎಲುಬಿನಂತಹ ಗಂಟೇ ಬೆಳೆದುಬಿಡುವುದುಂಟು. ಮೊಳಕೈಯಲ್ಲಿಯೂ ತೊಡೆಯಲ್ಲಿಯೂ ಇದು ವಿಶೇಷವಾಗಿ ಕಾಣಿಸುತ್ತದೆ. ಇನ್ನೂ ಭಯಂಕರವಾದ ಸಂಗತಿಯೊಂದಿದೆ. ಬಹುದಿನ ಅಲುಗದಿದ್ದ ಕಾಲಿನ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಪ್ರಾಣಾಪಾಯವಾಗುತ್ತದೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಯಾರೂ ಅದಕ್ಕೆ ಕೈಹಚ್ಚದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಲುಬು ಕಟ್ಟುವ ನಾಟಿ ಪರಂಪರೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆಂಧ್ರದ ಪುತ್ತೂರು ಕಟ್ಟಿನ ಹೆಸರಿನ ಫಲಕಗಳು ನಮ್ಮ ಊರೂರುಗಳಲ್ಲಿವೆ. ಬಡವರಿಗೆ ಅವು ಆಸರೆಯಾದದ್ದೂ ಉಂಟು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟದ ಉಳುಕು ತುಳಿಸಿಕೊಳ್ಳುವ ಪದ್ಧತಿಯನ್ನು ನಮ್ಮ ಬಾಲ್ಯದಲ್ಲಿ ನಾವೇ ನೋಡಿ ನಕ್ಕಿದ್ದೇವೆ. ಆದರೆ ಒಳಗಿನ ಚಿತ್ರವನ್ನು ನೋಡದೆ, ಬಲವನ್ನೇ ನಂಬಿ ಕೀಲಿನ ಮೇಲೆ ಕೈಯಿಡುವುದನ್ನು ಒಪ್ಪಲಾಗದು.

ಕೈಯ ವಿದ್ಯೆ

ದೀಪಾವಳಿಯ ನಂತರ ನಮ್ಮನ್ನು ಭೌತಚಿಕಿತ್ಸಕಿಯೊಬ್ಬರ ಬಳಿಗೆ ಕರೆದೊಯ್ದರು. ನಮ್ಮ ಮೊಮ್ಮಕ್ಕಳ ವಯಸ್ಸಿನ ಹುಡುಗಿ. ಮೊದಲ ದಿನ ಆಕೆ ಮಂಡಿಯನ್ನು ಮಡಿಚಲೇ ಇಲ್ಲ. ಕೋನ ಅಳೆಯುವ ಸಾಧನದಿಂದ ಅಳತೆ ಬರೆದುಕೊಂಡು, ಕಾಲನ್ನು ಚಾಚಿಸಿ ಮಲಗಿಸಿ, ಎರಡು ಹೆಬ್ಬೆರಳುಗಳಿಂದ ಮಂಡಿಚಿಪ್ಪನ್ನು ಮೆಲ್ಲಗೆ ಕೆಳಕ್ಕೆ, ಮೇಲಕ್ಕೆ, ಅಕ್ಕಪಕ್ಕಕ್ಕೆ ಸರಿಸುತ್ತ ಕುಳಿತರು. ‘ತಾಯಿ, ಮಡಿಯಬೇಕಾದದ್ದು ಮಂಡಿ; ನೀವು ಚಿಪ್ಪಿನ ಜೊತೆ ಆಟವಾಡುತ್ತಿದ್ದೀರಲ್ಲ?’ ಎಂದು ನಾವು ಕೇಳಿದೆವು. ‘ಗುರುಗಳೇ, ಕಾಲು ಪೂರ್ತಿ ಮಡಿಯುವಾಗ ಈ ಚಿಪ್ಪು ಐದಾರು ಸೆಂಟಿಮೀಟರ್ ಕೆಳಗೆ ಜಾರಬೇಕು. ಇದು ಅಂಟಿಕೊಂಡಿದೆ. ಇದು ಬಿಡದೆ ಅದು ಮಡಿಯುವುದಿಲ್ಲ’ ಎಂದರು. ಆ ಒಂದು ಮಾತಿನಲ್ಲಿ ಈ ವಿದ್ಯೆಯ ತಿರುಳಿದೆಯೆಂದು ನಮಗೆ ಮುಂದೆ ಅರ್ಥವಾಯಿತು.

ಕೀಲು ಮಡಿಯುವಾಗ ಒಂದು ಎಲುಬು ಇನ್ನೊಂದರ ಮೇಲೆ ಉರುಳುವುದಷ್ಟೇ ಅಲ್ಲ, ಜೊತೆಜೊತೆಗೇ ಜಾರುತ್ತದೆ ಕೂಡ. ಒರಳಿನಲ್ಲಿ ರುಬ್ಬುವ ಗುಂಡು ಜಾರದೆ ಬರೀ ಉರುಳಿದರೆ ಅಂಚಿಗೆ ಹೋಗಿ ಸಿಕ್ಕಿಬೀಳುವುದಲ್ಲವೇ? ಕೀಲಿನದೂ ಹಾಗೆಯೇ. ಕಾಲು ಮಡಿಚುವುದು ನಮ್ಮ ಇಚ್ಛೆಗೆ ಸೇರಿದ್ದು. ಆದರೆ ಈ ಜಾರುವಿಕೆಯನ್ನು ಪ್ರತ್ಯೇಕವಾಗಿ ಯಾರೂ ತಮ್ಮ ಇಚ್ಛೆಯಿಂದ ಮಾಡಲಾರರು. ಅದು ನಿಂತುಹೋದಾಗ ಇನ್ನೊಬ್ಬರ ಕೈ ಬೇಕಾಗುತ್ತದೆ. ನಾರ್ವೆಯ ಫ್ರೆಡಿ ಕಾಲ್ಟೆನ್‌ಬೋರ್ನ್ ಈ ಜಾರುವಿಕೆಯ ದಿಕ್ಕಿಗೆ ಒಂದು ನಿಯಮವನ್ನು ರೂಪಿಸಿದರು. ಚಲಿಸುವ ಎಲುಬಿನ ತುದಿ ತಗ್ಗಾಗಿದ್ದರೆ ಎಲುಬು ಹೋಗುವ ದಿಕ್ಕಿಗೇ ಅದು ಜಾರುತ್ತದೆ. ಉಬ್ಬಾಗಿದ್ದರೆ ವಿರುದ್ಧ ದಿಕ್ಕಿಗೆ ಜಾರುತ್ತದೆ. ಮಂಡಿಯ ಕೆಳಗಿನ ಎಲುಬಿನ ಮೇಲ್ತುದಿ ತುಸು ತಗ್ಗಾಗಿದೆ. ಆದ್ದರಿಂದ ಮಡಿಕೆ ಹೆಚ್ಚಿಸಲು ಅದನ್ನು ಹಿಂದಕ್ಕೆ, ಕಾಲು ನೇರವಾಗಿಸಲು ಮುಂದಕ್ಕೆ ಒತ್ತುತ್ತಾರೆ. ಪಾದದ ಕೀಲಿನಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ಕೆಳಗಿನ ಎಲುಬು ಉಬ್ಬಾಗಿರುವುದರಿಂದ, ಪಾದ ಮೇಲಕ್ಕೆ ಬಾಗಬೇಕಾದರೆ ಆ ಎಲುಬನ್ನು ಹಿಂದಕ್ಕೆ ಜಾರಿಸಬೇಕು. ಹರಡು ಮುರಿದು ಕೂಡಿದವರು ಕುಕ್ಕರಗಾಲಿನಲ್ಲಿ ಕುಳಿತಾಗ ಹಿಮ್ಮಡಿ ನೆಲದಿಂದ ಮೇಲೇಳುವುದಕ್ಕೆ ಈ ಜಾರುವಿಕೆ ನಿಂತಿರುವುದೂ ಒಂದು ಕಾರಣ. ಜೀವಂತ ಕೀಲು ಎಲ್ಲ ವೇಳೆಯಲ್ಲೂ ಈ ನಿಯಮದಂತೆಯೇ ನಡೆಯುವುದಿಲ್ಲವೆಂದು ಆಮೇಲಿನ ಅಧ್ಯಯನಗಳು ತೋರಿಸಿವೆಯಾದರೂ ಕೈಗೆ ಮೊದಲ ದಿಕ್ಸೂಚಿಯಾಗಿ ಅದು ಇಂದಿಗೂ ಬಳಕೆಯಲ್ಲಿದೆ.

ದಿಕ್ಕು ತಿಳಿದರೆ ಸಾಲದು, ಬಲದ ಅಳತೆಯೂ ಬೇಕು. ಇದನ್ನು ಶಾಸ್ತ್ರಬದ್ಧಗೊಳಿಸಿದವರು ಆಸ್ಟ್ರೇಲಿಯಾದ ಜೆಫ್ರಿ ಮೈಟ್‌ಲೆಂಡ್. ಬೆನ್ನುಮೂಳೆಯ ಹಸ್ತಚಿಕಿತ್ಸೆಯ ಬಗ್ಗೆ 1964ರಲ್ಲಿಯೂ ಕೈಕಾಲುಗಳ ಕೀಲುಗಳ ಬಗ್ಗೆ 1970ರಲ್ಲಿಯೂ ಪ್ರಕಟವಾದ ಅವರ ಗ್ರಂಥಗಳು ಇಂದಿಗೂ ಈ ವಿದ್ಯೆಯ ವಿದ್ಯಾರ್ಥಿಗಳಿಗೆ ಪಠ್ಯದಂತಿವೆ. ಅವರು ಕೈಯ ಚಲನೆಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಒಂದನೆಯದು ಚಲನೆಯ ಆರಂಭದಲ್ಲಿಯೇ ಮಾಡುವ ಅತಿ ಸಣ್ಣ ಅಲುಗಾಟ. ಎರಡನೆಯದು ಬಿಗಿತವನ್ನು ಮುಟ್ಟದೆ ನಡುವೆ ಮಾಡುವ ದೊಡ್ಡ ಅಲುಗಾಟ. ಇವೆರಡೂ ನೋವನ್ನು ಶಮನಗೊಳಿಸಲು. ಮೂರನೆಯದು ಬಿಗಿತದ ಗಡಿಯವರೆಗೆ ಹೋಗುವ ದೊಡ್ಡ ಚಲನೆ, ನಾಲ್ಕನೆಯದು ಆ ಗಡಿಯಲ್ಲಿಯೇ ನಡೆಯುವ ಸಣ್ಣ ಚಲನೆ. ಇವು ಬಿಗಿತವನ್ನು ಬಿಡಿಸಲು. ಸೆಕೆಂಡಿಗೆ ಎರಡು ಮೂರು ಬಾರಿಯ ಲಯದಲ್ಲಿ, ಒಂದೆರಡು ನಿಮಿಷ ಮಾಡಿ, ಮತ್ತೆ ಅಳೆದು ನೋಡುತ್ತಾರೆ. ತುಕ್ಕು ಹಿಡಿದ ಚಿಲಕವನ್ನು ಜಾಣನು ಸುತ್ತಿಗೆಯಿಂದ ಬಡಿಯುವುದಿಲ್ಲ. ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸುತ್ತಾನೆ. ನಮ್ಮ ಮಂಡಿಯ ಮೇಲೆ ಮೊದಲ ಹತ್ತು ದಿನ ನಡೆದದ್ದು ಒಂದು ಮತ್ತು ಎರಡನೆಯ ದರ್ಜೆಯ ಕೆಲಸವಷ್ಟೇ. ‘ಇದರಿಂದೇನಾದೀತು?’ ಎಂದು ಮನಸ್ಸಿನಲ್ಲಿ ಅಸಡ್ಡೆಪಟ್ಟಿದ್ದೆವು. ಬಾವು ಇಳಿಯಿತು, ಭಯವೂ ಇಳಿಯಿತು. ಭಯದಿಂದ ತೊಡೆಯ ಸ್ನಾಯು ಸೆಟೆದುಕೊಂಡಿರುವವರೆಗೆ ಯಾವ ಕೈಯೂ ಕೀಲನ್ನು ಮುಟ್ಟಲಾರದು.

ಅನಂತರದ ವಾರಗಳಲ್ಲಿ ಇನ್ನೆರಡು ಉಪಾಯಗಳು ಬಂದವು. ಮೊದಲನೆಯದು ಸ್ನಾಯುವನ್ನು ಒಪ್ಪಿಸುವ ಉಪಾಯ. ಕಾಲು ಮಡಿಯುವಷ್ಟು ಮಡಿಚಿ, ಚಿಕಿತ್ಸಕರ ಕೈಗೆ ಎದುರಾಗಿ ಅದನ್ನು ಚಾಚಲು ನಾವು ಐದಾರು ಸೆಕೆಂಡು ಪ್ರಯತ್ನಿಸಬೇಕು. ಬಿಟ್ಟೊಡನೆ ಸ್ನಾಯು ಸಡಿಲವಾಗುವ ಕ್ಷಣದಲ್ಲಿ ಕಾಲು ಇನ್ನೊಂದಿಷ್ಟು ಮಡಿಯುತ್ತದೆ. ಎರಡನೆಯದು ನ್ಯೂಜಿಲೆಂಡಿನ ಬ್ರಯನ್ ಮಲ್ಲಿಗನ್ ರೂಪಿಸಿದ ಪದ್ಧತಿ. ಚಿಕಿತ್ಸಕರು ಎಲುಬನ್ನು ತಕ್ಕ ದಿಕ್ಕಿಗೆ ಜಾರಿಸಿ ಹಿಡಿದಿರುವಾಗಲೇ ರೋಗಿಯು ತಾನಾಗಿ ಕಾಲು ಮಡಿಚಬೇಕು. ಹಾಗೆ ಮಾಡುವಾಗ ನೋವು ಇರಕೂಡದೆಂಬುದು ಅವರ ಕಟ್ಟುನಿಟ್ಟು. ನೋವಾದರೆ ಹಿಡಿದ ದಿಕ್ಕು ತಪ್ಪೆಂದೇ ಅರ್ಥ. ಯಾತನೆಯಿಲ್ಲದೆ ಗುಣವಿಲ್ಲವೆಂದು ನಂಬಿದ್ದ ನಮಗೆ ಇದು ಹೊಸ ಪಾಠವಾಗಿತ್ತು.

ಈ ಕೈಚಿಕಿತ್ಸೆಯನ್ನೇ ಸರ್ವಸ್ವವೆಂದು ಭಾವಿಸುವುದೂ ತಪ್ಪು. ಪಾದದ ಕೀಲಿನ ಮುರಿತದ ನಂತರ ವ್ಯಾಯಾಮದ ಜೊತೆಗೆ ಕೈಚಿಕಿತ್ಸೆಯನ್ನೂ ಸೇರಿಸಿದರೆ ಹೆಚ್ಚಿನ ಪ್ರಯೋಜನವಾಗುವುದೇ ಎಂದು ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ಎಲ್ಲ ಕೀಲುಗಳಿಗೂ ಎಲ್ಲ ರೋಗಿಗಳಿಗೂ ಒಂದೇ ಫಲವಿಲ್ಲ. ನಮ್ಮ ಅನುಭವದಲ್ಲಿಯೂ ಕೈಯಿಂದ ಗಳಿಸಿದ ಐದು ಡಿಗ್ರಿಯನ್ನು ಮನೆಯಲ್ಲಿ ಅಭ್ಯಾಸ ಮಾಡದಿದ್ದ ದಿನ ಮರುದಿನವೇ ಕಳೆದುಕೊಂಡಿದ್ದೇವೆ. ಆಕೆ ವಾರಕ್ಕೆ ಮೂರು ದಿನ, ಅರ್ಧ ಗಂಟೆ ನಮ್ಮ ಕಾಲನ್ನು ಹಿಡಿಯುತ್ತಿದ್ದರು. ಉಳಿದ ಹೊತ್ತೆಲ್ಲ ಕಾಲು ನಮ್ಮದೇ.

ಮನೆಯ ಅಭ್ಯಾಸವೇನೂ ಕಠಿಣವಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಹತ್ತು ನಿಮಿಷ ಮಂಡಿಗೆ ಸುತ್ತಿ, ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತು, ಹಿಮ್ಮಡಿಯ ಕೆಳಗೆ ನುಣುಪಾದ ಬಟ್ಟೆ ಇಟ್ಟುಕೊಂಡು ಹಿಮ್ಮಡಿಯನ್ನು ಮೈಯತ್ತ ಎಳೆಯುವುದು. ಎತ್ತರದ ಮಂಚದ ಅಂಚಿನಲ್ಲಿ ಕುಳಿತು ಕಾಲನ್ನು ಇಳಿಬಿಟ್ಟು ಅದರ ಭಾರದಿಂದಲೇ ಮಡಿಯಗೊಡುವುದು. ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲಿಟ್ಟು ಅದನ್ನು ಒತ್ತಿ ಹಿಡಿದು ತೊಡೆಗೆ ಬಲ ಕೊಡುವುದು. ಬಹಳ ಮಂದಿ ಮಡಿಚುವುದನ್ನೇ ಗಮನಿಸಿ ಕಾಲು ಪೂರ್ತಿ ನೇರವಾಗುವುದನ್ನು ಮರೆಯುತ್ತಾರೆ; ಐದು ಡಿಗ್ರಿ ಸೊಟ್ಟಗೆ ಉಳಿದರೂ ನಡಿಗೆ ಕುಂಟುತ್ತದೆ, ತೊಡೆ ಬೇಗ ದಣಿಯುತ್ತದೆ. ಅಭ್ಯಾಸದ ನಂತರ ಅರ್ಧ ಗಂಟೆ ನೋವಿದ್ದರೆ ಚಿಂತೆಯಿಲ್ಲ. ಮರುದಿನ ಬೆಳಗ್ಗೆ ಮಂಡಿ ಊದಿಕೊಂಡಿದ್ದರೆ ಹಿಂದಿನ ದಿನ ಅತಿಯಾಯಿತೆಂದು ತಿಳಿದು ತಗ್ಗಿಸಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೊಂದ ಕಾಲು ಮುಂದೆ. ಎಲುಬು ಇನ್ನೂ ಕೂಡದವರು, ಕೀಲಿನಲ್ಲಿ ಸೋಂಕು ಇರುವವರು, ಕಂಬಿ ತಿರುಪು ಹಾಕಿಸಿಕೊಂಡವರು, ಎಲುಬು ಟೊಳ್ಳಾದ ವೃದ್ಧರು ಶಸ್ತ್ರವೈದ್ಯರ ಅಪ್ಪಣೆಯಿಲ್ಲದೆ ಯಾರ ಕೈಗೂ ಕಾಲನ್ನು ಒಪ್ಪಿಸಬಾರದು. ಗಾಯಕ್ಕೆ ಮೀರಿದ ಉರಿನೋವು ಇದ್ದು ಚರ್ಮ ಹೊಳೆಯುತ್ತಿದ್ದರೆ ಅದು ಬೇರೆಯೇ ವ್ಯಾಧಿ, ತಡಮಾಡದೆ ತೋರಿಸಬೇಕು.

ಈ ವಿದ್ಯೆಗಾಗಿ ದೂರ ಹೋಗಬೇಕಾಗಿಲ್ಲ. 1916ರಲ್ಲಿ ಆರಂಭವಾದ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ, 1954ರಲ್ಲಿ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು ಸ್ಥಾಪಿಸಿದ ಮೈಸೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠ, ಇವೆರಡೂ ಭೌತಚಿಕಿತ್ಸೆಯ ಕಾಲೇಜುಗಳನ್ನು ನಡೆಸುತ್ತಿವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರಿದ್ದರು. ವೈದ್ಯವೂ ಕಾಯಕವೇ ಎಂದು ಬಾಳಿ ತೋರಿದ ಪರಂಪರೆ ನಮ್ಮದು. ಪ್ರಸಾದದಿಂದ ಪೋಷಿತವಾದ ಕಾಯ ಇದೆಂದು ನಂಬಿದವರು ಅದರ ಒಂದು ಕೀಲನ್ನು ವಯಸ್ಸಿನ ನೆಪ ಹೇಳಿ ಬಿಟ್ಟುಕೊಡುವುದು ನಮಗೆ ಸರಿಯೆನಿಸದು.

ಹಾಗೆಂದು, ಕಾಲು ಮಡಿಯದವರು ಪೂಜೆಯ ವಿಷಯದಲ್ಲಿ ಸಂಕೋಚಪಡಬೇಕಾಗಿಲ್ಲ. ಆ ದಿನಗಳಲ್ಲಿ ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡಿಕೊಳ್ಳಲು ನಾವು ನಾಚಿ, ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆವು. ಇದನ್ನು ಅರಿತ ಹಿರಿಯ ಜಂಗಮರೊಬ್ಬರು, ‘ಶಾಸ್ತ್ರಿಗಳೇ, ಲಿಂಗ ಇರುವುದು ನಿಮ್ಮ ಅಂಗೈಯಲ್ಲಿ. ಕಾಲಿನ ಚಿಂತೆ ಅದಕ್ಕೇಕೆ?’ ಎಂದು ಕೇಳಿದರು. ಅಂದಿನಿಂದ ಬಾಗಿಲು ತೆರೆದೇ ಇತ್ತು.

ನಾಲ್ಕು ತಿಂಗಳ ನಂತರ ನಮ್ಮ ಮಂಡಿ 120ನ್ನು ತಲುಪಿತು. ಪೂರ್ತಿ ಮಡಿಕೆ ಬರಲಿಲ್ಲ, ಇನ್ನು ಬರುವುದೂ ಇಲ್ಲವೇನೋ. ಎಡಗಾಲನ್ನು ಮಡಿಚಿ, ಬಲಗಾಲನ್ನು ಅರ್ಧ ಮಡಿಚಿ, ಆರು ಅಂಗುಲದ ಮಣೆಯ ಮೇಲೆ ಕುಳಿತುಕೊಳ್ಳುತ್ತೇವೆ. 2023ರ ಬಸವ ಜಯಂತಿಯಂದು ಮಠದ ಪಂಕ್ತಿಯಲ್ಲಿ ಹಾಗೆ ಕುಳಿತಿದ್ದಾಗ ಎದುರಿನ ಸಾಲಿನಲ್ಲಿ ಆ ಚಿಕಿತ್ಸಕ ತಾಯಿಯೂ ಇದ್ದರು. ಕೈಮುಗಿದು, ನಮ್ಮ ಮುಖಕ್ಕಿಂತ ಮೊದಲು ಮಂಡಿಯನ್ನು ನೋಡಿ, ‘ಗುರುಗಳೇ, ಹಿಮ್ಮಡಿ ಇನ್ನೂ ಒಂದು ಬೆರಳು ಒಳಗೆ ಬರಬೇಕು’ ಎಂದರು.